11ನೇ ದಿನಕ್ಕೆ ಸೋತ ಪಂಪು: ಸೌದೆ ಸೀಳುವ ಯಂತ್ರದ ರಿಪೇರಿ ಕಥೆ

ನವೆಂಬರ್ ಎರಡನೇ ವಾರ. ಅಂಗಳದ ತುಂಬ ಅಡಿಕೆ ಕೊನೆ ಬಿದ್ದಿತ್ತು. ಸುಲಿದ ಅಡಿಕೆ ಅವತ್ತೇ ಹಂಡೆಗೆ ಬೀಳಬೇಕು, ತಡವಾದರೆ ಬಣ್ಣ ಕೆಡುತ್ತದೆ. ಹಂಡೆ ಕುದಿಯಬೇಕಾದರೆ ಒಲೆಗೆ ಸೀಳಿದ ಸೌದೆ ಬೇಕು. ಅಂಥ ಹೊತ್ತಿನಲ್ಲೇ ನಮ್ಮ ಸೌದೆ ಸೀಳುವ ಯಂತ್ರ ಕೀರಲು ದನಿ ಎತ್ತಿತು. ಮಧ್ಯಾಹ್ನದ ಹೊತ್ತಿಗೆ ಒಂದು ಅಕೇಶಿಯಾ ಕುಂಟೆಗೆ ಬೆಣೆ ತಾಗಿ ಅಲ್ಲೇ ನಿಂತುಬಿಟ್ಟಿತು. ಎಂಜಿನ್ ಓಡುತ್ತಿತ್ತು, ಲಿವರ್ ಮುಂದಿತ್ತು. ಕುಂಟೆ ಮಾತ್ರ ಒಡೆಯಲಿಲ್ಲ.

ಆಯಿಲನ್ನು ಒತ್ತಡದಲ್ಲಿ ತಳ್ಳಿ ಬೆಣೆಯನ್ನು ಓಡಿಸುವ ಪಂಪು ಹೊಸದು. ಹಾಕಿದ ಮೇಲೆ ಕೆಲಸ ಮಾಡಿದ್ದು ಬರೀ 11 ದಿನ. ಅದಕ್ಕೂ ಹಿಂದಿನ ಪಂಪು ಅದೇ ವರ್ಷದ ಜನವರಿಯಲ್ಲಿ ಹೋಗಿತ್ತು. ಆಗ ಪೇಟೆಯ ಮೆಕ್ಯಾನಿಕ್ ಬಂದು ಹಳೆಯದು ಬಿಚ್ಚಿ ಹೊಸದು ಕೂರಿಸಿ ಹೋಗಿದ್ದರು. ಅಷ್ಟರಲ್ಲಿ ನಮ್ಮ ಬೇಯಿಸುವ ಕೆಲಸ ಮುಗಿದಿತ್ತು. ಯಂತ್ರ ಮಳೆಗಾಲ ಪೂರ್ತಿ ಕೊಟ್ಟಿಗೆಯ ಇಳಿಮಾಡಿನಲ್ಲಿ ನಿಂತಿತ್ತು. ಗೇರ್ ಪಂಪು ಸರಿಯಾಗಿ ನೋಡಿಕೊಂಡರೆ ಸಾವಿರಾರು ಗಂಟೆ ಬಾಳುವ ವಸ್ತು. 11 ದಿನಕ್ಕೆ ಸಾಯುತ್ತದೆ ಅಂದರೆ ಅದನ್ನು ಯಾವುದೋ ಕೊಲ್ಲುತ್ತಿದೆ ಅಂತಲೇ ಅರ್ಥ, ಅಲ್ವಾ? ಮೂರನೇ ಪಂಪು ತರುವ ಮೊದಲು ಅದನ್ನು ಹುಡುಕಲೇಬೇಕು ಅಂತ ಕೂತೆ. ನಮ್ಮ ಕಡೆ ಇಂಥ ಯಂತ್ರ ಇಟ್ಟುಕೊಂಡವರು ಈಗ ಸುಮಾರು ಜನ ಇದ್ದಾರೆ. ಅವರಿಗಾಗಿ ನಾಲ್ಕು ದಿನ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ಯಂತ್ರದ ಪರಿಚಯ. ತೀರ್ಥಹಳ್ಳಿ ಕಡೆಯ ತೋಟ ನಮ್ಮದು. ಕರೆಂಟ್ ನಂಬಿಕೊಂಡು ಸೌದೆ ಸೀಳಲು ಆಗುವುದಿಲ್ಲ, ಹಾಗಾಗಿ 10 ಎಚ್‌ಪಿಯ ಒಂದು ಸಿಲಿಂಡರಿನ ಡೀಸೆಲ್ ಎಂಜಿನ್. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವಂಥದ್ದು, 1500 ಆರ್‌ಪಿಎಂ. ಅದರ ಶಾಫ್ಟಿಗೆ ಜಾ ಕಪ್ಲಿಂಗ್ (ಎರಡು ಶಾಫ್ಟ್ ಜೋಡಿಸುವ ಭಾಗ) ಮೂಲಕ ನೇರವಾಗಿ ಗೇರ್ ಪಂಪು. ಪಂಪು ಒಂದು ಸುತ್ತಿಗೆ 16 ಸಿಸಿ ಆಯಿಲ್ ತಳ್ಳುತ್ತದೆ, ಅಂದರೆ ನಿಮಿಷಕ್ಕೆ 24 ಲೀಟರ್. ಬೆಣೆ ತಳ್ಳುವ ಸಿಲಿಂಡರಿನ ಒಳ ಅಳತೆ 100 ಮಿಲಿಮೀಟರ್, ರಾಡ್ 56, ಓಟ 600. ಪ್ರೆಶರ್ ಮಿತಿ ದಾಟದಂತೆ ಆಯಿಲನ್ನು ವಾಪಸ್ ಬಿಡುವ ರಿಲೀಫ್ ವಾಲ್ವ್ 150 ಬಾರ್‌ಗೆ ಸೆಟ್ ಆಗಿದೆ. ಲೆಕ್ಕ ಹಾಕಿದರೆ ಬೆಣೆಯ ತುದಿಗೆ ಸುಮಾರು 12 ಟನ್ ಒತ್ತಡ ಬರುತ್ತದೆ. ಗಂಟಿಲ್ಲದ ಸಿಲ್ವರ್ ಓಕಿಗೆ ಇದು ಜಾಸ್ತಿಯೇ ಆಯಿತು. ಹಳೆಯ ಅಕೇಶಿಯಾದ ಕವಲು ಬಂದರೆ ಮಾತ್ರ ಪೂರ್ತಿ ಬೇಕಾಗುತ್ತದೆ.

ಇನ್ನೊಂದು ಸಣ್ಣ ಲೆಕ್ಕ ಇದೆ. ಇಂಥ ಯಂತ್ರ ಇರುವ ಪ್ರತಿಯೊಬ್ಬರೂ ಇದನ್ನು ಗೋಡೆಯ ಮೇಲೆ ಬರೆದಿಡಬೇಕು. ಸಿಲಿಂಡರ್ ಪೂರ್ತಿ ಮುಂದೆ ಹೋಗಲು 4.7 ಲೀಟರ್ ಆಯಿಲ್ ಬೇಕು. ನಿಮಿಷಕ್ಕೆ 24 ಲೀಟರ್ ಬರುವ ಪಂಪಿಗೆ ಅದು 12 ಸೆಕೆಂಡಿನ ಕೆಲಸ. ಹಿಂದೆ ಬರುವಾಗ ರಾಡ್ ಒಳಗಿನ ಜಾಗ ತಿನ್ನುವುದರಿಂದ 3.2 ಲೀಟರ್ ಸಾಕು, 8 ಸೆಕೆಂಡು. ಪಂಪಿನ ಆರೋಗ್ಯ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಮೊಬೈಲಿನ ಸ್ಟಾಪ್‌ವಾಚ್ ಸಾಕು. ಆ ದಿನ ಬೆಳಿಗ್ಗೆ ಆಯಿಲ್ ತಣ್ಣಗಿದ್ದಾಗ ನೋಡಿದರೆ 15 ಸೆಕೆಂಡು. ಎರಡು ಗಂಟೆ ಓಡಿಸಿ ಆಯಿಲ್ ಬಿಸಿಯಾದ ಮೇಲೆ ಖಾಲಿ ಓಟಕ್ಕೇ 28 ಸೆಕೆಂಡು. ಬಿಸಿ ಆಯಿಲ್ ತೆಳ್ಳಗಾಗುತ್ತದೆ, ಸವೆದ ಜಾಗದಲ್ಲಿ ಸುಲಭವಾಗಿ ಹಿಂದಕ್ಕೆ ಸೋರುತ್ತದೆ. ತಣ್ಣಗಿರುವಾಗ ಪರವಾಗಿಲ್ಲ, ಬಿಸಿಯಾದರೆ ಸತ್ತ ಹಾಗೆ ಅನ್ನಿಸಿದರೆ ಒಳಗೆ ಎಲ್ಲೋ ಸೋರಿಕೆ ಇದೆ ಅಂತ ತಿಳಿಯಬೇಕು.

ಆ ಸೋರಿಕೆ ಪಂಪಿನಲ್ಲೇ ಅಂತ ಹೇಳುವ ಮೊದಲು ಇನ್ನೆರಡು ಜಾಗ ನೋಡಬೇಕು. ಒಂದು ರಿಲೀಫ್ ವಾಲ್ವ್, ಇನ್ನೊಂದು ಸಿಲಿಂಡರಿನ ಪಿಸ್ಟನ್ ಸೀಲ್. ಇಲ್ಲಿ ನಾನು ಮೊದಲ ದಿನ ಒಂದು ತಪ್ಪು ಮಾಡಿದೆ. ಪ್ರೆಶರ್ ಕಡಿಮೆ ಅನ್ನಿಸಿತು ಅಂತ ರಿಲೀಫ್ ಸ್ಕ್ರೂವನ್ನು ಒಂದು ಸುತ್ತು ಬಿಗಿ ಮಾಡಿದೆ. ಏನೂ ಬದಲಾಗಲಿಲ್ಲ. ಪಂಪು ಸರಿ ಇದ್ದಿದ್ದರೆ ಆ ಒಂದು ಸುತ್ತಿಗೆ ಪ್ರೆಶರ್ ಎಲ್ಲಿಗೋ ಏರಿ ಹೋಸೋ ಸಿಲಿಂಡರೋ ಸೀಳಬಹುದಿತ್ತು. ಗೇಜ್ ಇಲ್ಲದೆ ಆ ಸ್ಕ್ರೂ ಮುಟ್ಟಬೇಡಿ. ದಯವಿಟ್ಟು.

ಮರುದಿನ 250 ಬಾರಿನ ಗೇಜ್ ತಂದು ಪಂಪಿನ ಡೆಲಿವರಿ ಕಡೆ, ಅಂದರೆ ಆಯಿಲ್ ಹೊರಡುವ ಬಾಯಿಗೆ, ಟಿ ಆಕಾರದ ಜಾಯಿಂಟ್ ಹಾಕಿ ಕೂರಿಸಿದೆ. ಸ್ಕ್ರೂ ಹಳೆಯ ಗುರುತಿಗೆ ತಂದೆ. ಸಿಲಿಂಡರ್ ಕೊನೆ ಮುಟ್ಟಿದ ಮೇಲೆ ಲಿವರ್ ಒಂದೆರಡು ಸೆಕೆಂಡು ಹಿಡಿದು ನೋಡಿದರೆ 60 ಬಾರ್ ಅಷ್ಟೇ. ರಿಲೀಫ್ ವಾಲ್ವ್ ಬಿಚ್ಚಿ ನೋಡಿದೆ. ಸ್ಪ್ರಿಂಗ್ ಸರಿ ಇತ್ತು, ಕೂರುವ ಜಾಗದಲ್ಲಿ ಕಸ ಇರಲಿಲ್ಲ. ಆಮೇಲೆ ಪಿಸ್ಟನ್ ಸೀಲ್. ರಾಡ್ ಪೂರ್ತಿ ಹೊರಗೆ ಬಿಟ್ಟೆ. ಎಂಜಿನ್ ನಿಲ್ಲಿಸಿ, ಲಿವರನ್ನು ಎರಡೂ ಕಡೆ ಆಡಿಸಿ ಪ್ರೆಶರ್ ಇಳಿಸಿದೆ. ರಾಡ್ ಕಡೆಯ ಹೋಸ್ ಬಿಚ್ಚಿ ಅದರ ಬಾಯಿಗೆ ಪ್ಲಗ್ ಹಾಕಿದೆ. ಸಿಲಿಂಡರಿನ ತೆರೆದ ಬಾಯಿಯ ಕೆಳಗೆ ಬಕೆಟ್ ಇಟ್ಟು, ಎಂಜಿನ್ ಚಾಲೂ ಮಾಡಿ ಲಿವರ್ ಮುಂದೆ ಒತ್ತಿದೆ. ಸೀಲ್ ಹೋಗಿದ್ದರೆ ಆ ಬಾಯಿಂದ ಆಯಿಲ್ ಹರಿಯಬೇಕು. ನಾಲ್ಕು ಹನಿ ಬಿಟ್ಟರೆ ಏನೂ ಬರಲಿಲ್ಲ. ಹಾಗಾದರೆ ಪಂಪೇ.

ಈ ಕೆಲಸದ ನಡುವೆ ಒಂದು ಎಚ್ಚರಿಕೆ. ಸೋರುವ ಜಾಗವನ್ನು ಕೈ ಹಿಡಿದು ಹುಡುಕಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ 150 ಬಾರಿನಲ್ಲಿ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಇರುವೆ ಕಚ್ಚಿದ ಗುರುತಿನಷ್ಟೇ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಬೆರಳು ಹೋದವರಿದ್ದಾರೆ. ರಟ್ಟಿನ ತುಂಡು ಹಿಡಿದು ನೋಡಿ. ಒಂದು ವೇಳೆ ಚುಚ್ಚಿದರೆ ನೋವಿಲ್ಲ ಅಂತ ಮನೆಯಲ್ಲಿ ಕೂರದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿ.

ಪಂಪು ಬಿಚ್ಚಿ ಜಗಲಿಗೆ ತಂದೆ. ಪುಣ್ಯಕ್ಕೆ ಜನವರಿಯಲ್ಲಿ ಸತ್ತ ಹಳೆಯ ಪಂಪನ್ನೂ ಎಸೆದಿರಲಿಲ್ಲ, ಗೋಣಿಚೀಲದಲ್ಲಿ ಇತ್ತು. ಎರಡನ್ನೂ ಅಕ್ಕಪಕ್ಕ ಬಿಚ್ಚಿದೆ. ಗೇರ್ ಪಂಪಿನ ಒಳಗೆ ಹೆಚ್ಚೇನೂ ಇಲ್ಲ. ಒಂದಕ್ಕೊಂದು ಕಚ್ಚಿಕೊಂಡ ಎರಡು ಗೇರು, ಅವುಗಳ ಎರಡೂ ಪಕ್ಕಕ್ಕೆ ಒತ್ತಿ ಕೂರುವ ಪ್ಲೇಟುಗಳು, ಸುತ್ತ ಅಲ್ಯೂಮಿನಿಯಂ ಬಾಡಿ, ಶಾಫ್ಟಿಗೊಂದು ಸೀಲ್. ಗೇರಿಗೂ ಪ್ಲೇಟಿಗೂ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಸಣ್ಣದು. ಆ ಸಂದು ದೊಡ್ಡದಾದರೆ ಪಂಪು ಮುಗಿಯಿತು.

ಸತ್ತ ಪಂಪು ತನ್ನ ಕಥೆಯನ್ನು ತಾನೇ ಹೇಳುತ್ತದೆ, ಓದಲು ಗೊತ್ತಿರಬೇಕು ಅಷ್ಟೆ. ಬಾಡಿಯ ಒಳಗೆ ಸಕ್ಷನ್ ಕಡೆ (ಆಯಿಲ್ ಒಳಗೆ ಎಳೆಯುವ ಕಡೆ) ಗೇರು ಉಜ್ಜಿದ ಹೊಳೆಯುವ ಪಟ್ಟಿ ಇದ್ದರೆ ಹೆದರಬೇಕಿಲ್ಲ. ಪ್ರೆಶರ್ ಗೇರನ್ನು ಆ ಕಡೆಗೆ ತಳ್ಳುತ್ತದೆ, ಹೊಸದರಲ್ಲೇ ಸ್ವಲ್ಪ ಉಜ್ಜಿ ಜಾಗ ಮಾಡಿಕೊಳ್ಳುತ್ತದೆ. ಆ ಪಟ್ಟಿ ಉಗುರು ಸಿಕ್ಕುವಷ್ಟು ಆಳವಾಗಿದ್ದರೆ ಪ್ರೆಶರ್ ಜಾಸ್ತಿ ಕೊಟ್ಟಿದ್ದಾರೆ ಅಂತ ಅರ್ಥ. ಪ್ಲೇಟಿನ ಮೇಲೆ ಹಳೆಯ ಗ್ರಾಮಫೋನ್ ತಟ್ಟೆಯ ಹಾಗೆ ವೃತ್ತ ವೃತ್ತವಾಗಿ ಗೀರು ಇದ್ದರೆ ಆಯಿಲಿನಲ್ಲಿ ಕಸ. ಪ್ಲೇಟು ಬಿಸಿಗೆ ಬಣ್ಣಗೆಟ್ಟಿದ್ದರೆ ಆಯಿಲ್ ಇಲ್ಲದೆ ಒಣಗಿ ಓಡಿದೆ. ಇನ್ನು ಪ್ಲೇಟಿನ ಮೇಲೆ, ಅದರಲ್ಲೂ ಡೆಲಿವರಿ ಕಡೆ, ಗೆದ್ದಲು ತಿಂದ ಹಾಗೆ ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಅದು ಗುಳ್ಳೆಗಳ ಕೆಲಸ.

ನಮ್ಮ ಎರಡು ಪಂಪಿನಲ್ಲೂ ಇದ್ದದ್ದು ಗೆದ್ದಲು ತಿಂದಂಥ ಗುಳಿ. ಹಳೆಯದರಲ್ಲಿ ಹರಡಿತ್ತು, ಹೊಸದರಲ್ಲಿ ಅದೇ ಜಾಗದಲ್ಲಿ ಶುರುವಾಗಿತ್ತು. ಅದರ ಜೊತೆಗೆ ಹೊಸದರಲ್ಲಿ ಗೀರೂ ಇತ್ತು. ಎರಡೂ ಪಂಪು ಒಂದೇ ಕಾಯಿಲೆಯಿಂದ ಹೋಗಿವೆ ಅಂತ ಆ ಜಗಲಿಯಲ್ಲಿ ಕೂತಾಗಲೇ ಗೊತ್ತಾಯಿತು. ಜನವರಿಯಲ್ಲೇ ಹಳೆಯದನ್ನು ಬಿಚ್ಚಿ ನೋಡಿದ್ದರೆ ಒಂದು ಪಂಪು ಉಳಿಯುತ್ತಿತ್ತು ಅನ್ನುವ ಬೇಸರ ನನಗೆ ಈಗಲೂ ಇದೆ.

ಗುಳ್ಳೆ ಎಲ್ಲಿಂದ ಬರುತ್ತದೆ? ಸಾಮಾನ್ಯ ಗಾಳಿಯೊತ್ತಡದಲ್ಲಿ ಹೈಡ್ರಾಲಿಕ್ ಆಯಿಲಿನ ಒಳಗೆ ಅದರ ಗಾತ್ರದ ಸುಮಾರು 9% ಗಾಳಿ ಕರಗಿರುತ್ತದೆ. ಪಂಪು ಎಳೆಯುತ್ತಿದೆ, ಆಯಿಲ್ ಬರಲು ದಾರಿ ಇಲ್ಲ ಅಂದುಕೊಳ್ಳಿ. ಆಗ ಸಕ್ಷನ್ ಕಡೆ ನಿರ್ವಾತ ಹುಟ್ಟುತ್ತದೆ. ಸೋಡಾ ಬಾಟಲಿ ತೆರೆದಾಗ ಆಗುವ ಹಾಗೆ ಕರಗಿದ್ದ ಗಾಳಿ ಗುಳ್ಳೆಯಾಗಿ ಏಳುತ್ತದೆ, ಆಯಿಲೂ ಆವಿಯಾಗುತ್ತದೆ. ಆ ಗುಳ್ಳೆಗಳು ಡೆಲಿವರಿ ಕಡೆ ಹೋದಾಗ ಪ್ರೆಶರಿಗೆ ಸಿಕ್ಕಿ ಒಡೆಯುತ್ತವೆ. ಒಡೆಯುವಾಗ ಲೋಹವನ್ನೇ ಕಚ್ಚಿ ಕಿತ್ತುಕೊಳ್ಳುತ್ತವೆ. ನಮಗೆ ಕೇಳಿಸಿದ ಕೀರಲು ದನಿ ಅದೇ. ಟ್ಯಾಂಕಿನಲ್ಲಿ ನೊರೆ ಇದ್ದಿದ್ದರೆ ಹೊರಗಿನಿಂದ ಗಾಳಿ ಎಳೆಯುತ್ತಿದೆ ಅಂತ ಯಾವುದೋ ಕ್ಲಿಪ್ಪೋ ಶಾಫ್ಟ್ ಸೀಲೋ ನೋಡಬೇಕಿತ್ತು. ಹಾಗೆ ಗಾಳಿ ಎಳೆಯುತ್ತಿದ್ದರೆ ಜಾಯಿಂಟಿನ ಮೇಲೆ ದಪ್ಪಗೆ ಗ್ರೀಸ್ ಮೆತ್ತಿದಾಗ ದನಿ ಬದಲಾಗುತ್ತದೆ. ನಾನು ಮೆತ್ತಿ ನೋಡಿದ್ದೆ. ಬದಲಾಗಿರಲಿಲ್ಲ, ನೊರೆಯೂ ಇರಲಿಲ್ಲ. ಅಂದರೆ ದಾರಿಯೇ ಕಟ್ಟಿದೆ.

ಊಹೆ ಬೇಡ, ಅಳೆದು ನೋಡೋಣ ಅನ್ನಿಸಿತು. ನಿರ್ವಾತ ಅಳೆಯುವ ಗೇಜ್ ಹಳ್ಳಿಯಲ್ಲಿ ಎಲ್ಲಿ ಸಿಗಬೇಕು? ಫ್ರಿಡ್ಜ್ ರಿಪೇರಿ ಮಾಡುವ ಗೆಳೆಯ ನೆನಪಾದ. ಅವರ ಹತ್ತಿರ ಗ್ಯಾಸ್ ತುಂಬುವಾಗ ಬಳಸುವ ಕಾಂಪೌಂಡ್ ಗೇಜ್ ಇರುತ್ತದೆ, ಸೊನ್ನೆಯಿಂದ ಕೆಳಗೆ, ಪಾದರಸದ ಲೆಕ್ಕದಲ್ಲಿ, 30 ಇಂಚಿನವರೆಗೆ ನಿರ್ವಾತ ತೋರಿಸುತ್ತದೆ. ಬಿಚ್ಚಿದ ಪಂಪನ್ನೇ ತೊಳೆದು ಮತ್ತೆ ಜೋಡಿಸಿ, ಅದರ ಸಕ್ಷನ್ ಬಾಯಿಯ ಹತ್ತಿರ ಟಿ ಹಾಕಿ ಆ ಗೇಜ್ ಕೂರಿಸಿದೆ. ಗೇರ್ ಪಂಪಿಗೆ ಸಾಮಾನ್ಯವಾಗಿ 0.3 ಬಾರ್ ನಿರ್ವಾತ ದಾಟಬಾರದು, ಅಂದರೆ ಸುಮಾರು 9 ಇಂಚು. ಎಂಜಿನ್ ನಿಧಾನಕ್ಕೆ ಓಡುವಾಗ 5 ಇಂಚು ತೋರಿಸಿತು. ಪೂರ್ತಿ ವೇಗಕ್ಕೆ ತಂದೆ. ಮುಳ್ಳು 16ಕ್ಕೆ ಹೋಗಿ ನಿಂತಿತು. ಅರ್ಧ ನಿಮಿಷ ನೋಡಿ ಎಂಜಿನ್ ನಿಲ್ಲಿಸಿದೆ. ಇಷ್ಟು ಸಣ್ಣ ಗೇಜ್ ಇಷ್ಟು ದೊಡ್ಡ ಉತ್ತರ ಕೊಟ್ಟದ್ದು ನೋಡಿ ನಿಜಕ್ಕೂ ಖುಷಿಯಾಯಿತು.

ಟ್ಯಾಂಕ್ ಖಾಲಿ ಮಾಡಿ, ಪಂಪಿಗೆ ಹೋಗುವ ಆಯಿಲ್ ಸೋಸುವ ಒಳಗಿನ ಜಾಲರಿ ತೆಗೆದೆ. ಬೂದು ಬಣ್ಣದ ಕೆಸರು ಮೆತ್ತಿತ್ತು. ಬೆರಳಲ್ಲಿ ತಿಕ್ಕಿದರೆ ಮರದ ಹುಡಿ, ಅದರ ನಡುವೆ ಕಪ್ಪು ರಬ್ಬರಿನ ಚೂರು. ಹುಡಿ ಎಲ್ಲಿಂದ ಅಂತ ಗೊತ್ತಾಯಿತು. ಟ್ಯಾಂಕಿನ ಮುಚ್ಚಳ ಸರಿಯಾಗಿ ಸೀಳುವ ಜಾಗದ ಕೆಳಗೇ ಇದೆ, ಅದರ ಗ್ಯಾಸ್ಕೆಟ್ ಎಂದೋ ಹೋಗಿದೆ. ಆದರೆ ರಬ್ಬರ್ ಯಾಕೆ? ಜಾಲರಿಗೂ ಮೊದಲು ರಬ್ಬರ್ ಇರುವುದು ಆಯಿಲ್ ಟ್ಯಾಂಕಿಗೆ ವಾಪಸ್ ಬರುವ ರಿಟರ್ನ್ ಹೋಸಿನಲ್ಲಿ. ಆ ಹೋಸಿನ ಒಳಗೆ ಬೆರಳು ಹಾಕಿದರೆ ಪದರ ಪುಡಿಯಾಗಿ ಬಂತು. ಹಾಗಾದರೆ ಅದೇ ವಯಸ್ಸಿನ ಸಕ್ಷನ್ ಹೋಸ್ ಹೇಗಿದೆ? ಹೊರಗಿನಿಂದ ನೋಡಿದರೆ ಚೆನ್ನಾಗಿತ್ತು. ಬಿರುಕಿಲ್ಲ, ಊದಿಲ್ಲ. ಬಾಯಿಂದ ಊದಿದರೆ ಗಾಳಿ ಸಲೀಸಾಗಿ ಹೋಯಿತು. ಬೇರೆ ಯಾರಾದರೂ ಅದನ್ನು ಮತ್ತೆ ಹಾಕುತ್ತಿದ್ದರು, ಜನವರಿಯಲ್ಲಿ ಆಗಿದ್ದೂ ಅದೇ.

ಕತ್ತಿ ತೆಗೆದುಕೊಂಡು ಉದ್ದಕ್ಕೆ ಸೀಳಿದೆ. ಒಳಪದರ ಗೋಡೆ ಬಿಟ್ಟು ಎದ್ದಿತ್ತು. ನಾಲಿಗೆಯ ಹಾಗೆ ಒಂದು ಗೇಣು ಉದ್ದ, ಒಂದು ತುದಿ ಮಾತ್ರ ಅಂಟಿಕೊಂಡಿತ್ತು. ಯಂತ್ರ ನಿಂತಾಗ ಆ ನಾಲಿಗೆ ಗೋಡೆಗೆ ಒರಗುತ್ತದೆ, ಹೋಸ್ ತೆರೆದಿರುತ್ತದೆ. ಪಂಪು ಎಳೆಯಲು ಶುರು ಮಾಡಿದರೆ ನಾಲಿಗೆ ಎದ್ದು ದಾರಿ ಮುಚ್ಚುತ್ತದೆ. ಜಾಸ್ತಿ ಎಳೆದಷ್ಟೂ ಬಿಗಿಯಾಗಿ ಮುಚ್ಚುತ್ತದೆ. ಎರಡು ಪಂಪು ಕೊಂದದ್ದು ಇದು.

ಕಾರಣವೂ ಕೈಯಲ್ಲೇ ಇತ್ತು. ಅದು ಬಟ್ಟೆಯ ಪದರದ ಸಾದಾ ರಬ್ಬರ್ ಹೋಸು, ನೀರಿಗೆ ಬಳಸುವಂಥದ್ದು. ನೀರಿನ ರಬ್ಬರ್ ಆಯಿಲಿನಲ್ಲಿ ನೆನೆದು ಮೆತ್ತಗಾಗುತ್ತದೆ. ಸಕ್ಷನ್ನಿಗೆ ಬೇಕಾದದ್ದು ಒಳಗೆ ಸುರುಳಿ ತಂತಿ ಇರುವ ಆಯಿಲ್ ಹೋಸು, ಎಸ್‌ಎಇ 100ಆರ್4 ಅಂತ ಮೇಲೆ ಅಚ್ಚಾಗಿರುತ್ತದೆ. ಸಾಲದ್ದಕ್ಕೆ ಪಂಪಿನ ಬಾಯಿ ಒಂದು ಇಂಚು, ಹೋಸು ಮುಕ್ಕಾಲು ಇಂಚು. ನಿಮಿಷಕ್ಕೆ 24 ಲೀಟರ್ ಮುಕ್ಕಾಲು ಇಂಚಿನಲ್ಲಿ ಹೋಗಬೇಕಾದರೆ ಆಯಿಲ್ ಸೆಕೆಂಡಿಗೆ 1.4 ಮೀಟರ್ ಓಡಬೇಕು. ಒಂದು ಇಂಚಿನಲ್ಲಿ 0.8 ಮೀಟರ್ ಸಾಕು. ಸಕ್ಷನ್ನಿನಲ್ಲಿ ಒಂದು ಮೀಟರಿನ ಒಳಗೆ ಇದ್ದರೆ ಒಳ್ಳೆಯದು. ಅದರ ಮೇಲೆ ತುಂಬಿದ್ದ ಆಯಿಲ್ 68 ನಂಬರಿನದು. ಆ ನಂಬರ್ 40 ಡಿಗ್ರಿಯಲ್ಲಿ ಅದರ ದಪ್ಪ ಹೇಳುತ್ತದೆ. ನಮ್ಮ ಕಡೆ ಡಿಸೆಂಬರ್ ಬೆಳಗ್ಗೆ 14 ಡಿಗ್ರಿ ಇರುವಾಗ ಅದು ಜೋನಿಬೆಲ್ಲದ ಹಾಗೆ ಇರುತ್ತದೆ. ಅಂಥದ್ದನ್ನು ಸಪೂರ ಹೋಸಿನಲ್ಲಿ ಎಳೆಯಬೇಕಿತ್ತು ಪಾಪದ ಪಂಪು.

ಇನ್ನೊಂದು ಅನುಮಾನ ಉಳಿದಿತ್ತು. ಆಯಿಲ್ ಸ್ವಲ್ಪ ಹಾಲು ಬೆರೆಸಿದ ಹಾಗೆ ಕಾಣುತ್ತಿತ್ತು. ಹಳೆಯ ಕಾವಲಿ ಕಾಯಿಸಿ ಅಂಗಳದಲ್ಲಿ ಇಟ್ಟು, ಬೆಂಕಿಯಿಂದ ದೂರ ಇಳಿಸಿ, ಒಂದು ಹನಿ ಬಿಟ್ಟೆ. ಚಟಪಟ ಅಂತ ಸಿಡಿಯಿತು, ಒಗ್ಗರಣೆಗೆ ಹಾಕಿದ ಒದ್ದೆ ಕರಿಬೇವಿನ ಹಾಗೆ. ಒಳ್ಳೆಯ ಆಯಿಲ್ ಸುಮ್ನೆ ಹರಡಿ ಹೊಗೆಯಾಡುತ್ತದೆ, ಸಿಡಿದರೆ ನೀರಿದೆ. ಜೂನಿನಿಂದ ಸೆಪ್ಟೆಂಬರ್ ತನಕ ಆ ಇಳಿಮಾಡಿನ ತೇವದಲ್ಲಿ, ಗ್ಯಾಸ್ಕೆಟ್ ಇಲ್ಲದ ಮುಚ್ಚಳದ ಟ್ಯಾಂಕು. ಬೇರೆ ಏನಾಗಬೇಕಿತ್ತು?

ಮೂರನೇ ದಿನ ಪೂರ್ತಿ ತೊಳೆಯುವುದೇ ಆಯಿತು. ಇದು ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ. ಪಂಪು ಸವೆದ ಲೋಹದ ಪುಡಿ ಹೋಸಿನಲ್ಲಿ, ವಾಲ್ವಿನಲ್ಲಿ, ಸಿಲಿಂಡರಿನ ಎರಡೂ ಕೋಣೆಯಲ್ಲಿ ಇರುತ್ತದೆ. ಜನವರಿಯಲ್ಲಿ ತೊಳೆದಿರಲಿಲ್ಲ, ಹೊಸ ಪಂಪಿನ ಗೀರು ಅದರದ್ದೇ. ಸಿಲಿಂಡರನ್ನು ಕೈಯಿಂದ ಹಿಂದೆ ಮುಂದೆ ಎಳೆದು ಎರಡೂ ಕಡೆ ಖಾಲಿ ಮಾಡಿದೆ. ಟ್ಯಾಂಕನ್ನು ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒರೆಸಿದೆ. ವರ್ಕ್‌ಶಾಪಿನ ನೂಲಿನ ವೇಸ್ಟ್ ಬೇಡ, ಅದರ ಎಳೆ ಒಳಗೆ ಉಳಿಯುತ್ತದೆ. ಹೊಸ ಆಯಿಲ್ ಐದು ಲೀಟರ್ ಸುರಿದು ತೊಳೆದು ಅದನ್ನೂ ಚೆಲ್ಲದೆ ತೆಗೆದಿಟ್ಟೆ. ಗರಗಸದ ಚೈನಿಗೆ ಆಯಿತು.

ಟ್ಯಾಂಕಿನ ಜಾಗವನ್ನೂ ಬದಲಿಸಿದೆ. ಮೊದಲು ಅದು ಬೀಮಿನ ಕೆಳಗಿತ್ತು, ಪಂಪು ಆಯಿಲಿಗಿಂತ ಒಂದಡಿ ಮೇಲೆ. ಪೇಟೆಯಲ್ಲಿ ಆಂಗಲ್ ಫ್ರೇಮ್ ವೆಲ್ಡ್ ಮಾಡಿಸಿ ಟ್ಯಾಂಕನ್ನು ಎಂಜಿನಿನ ಪಕ್ಕ ಎತ್ತರಕ್ಕೆ ಕೂರಿಸಿದೆ. ಈಗ ಆಯಿಲ್ ತಾನೇ ಇಳಿದು ಪಂಪಿಗೆ ಬರುತ್ತದೆ. ಸೀಳುವ ಜಾಗದಿಂದ ದೂರ ಇರುವುದರಿಂದ ಹುಡಿಯೂ ಬೀಳುವುದಿಲ್ಲ. ಆದರೆ ಟ್ಯಾಂಕ್ ಮೇಲಿದ್ದರೆ ಹೋಸ್ ಬಿಚ್ಚುವಾಗ ಆಯಿಲೆಲ್ಲ ಚೆಲ್ಲುತ್ತದೆ, ಹಾಗಾಗಿ ನಡುವೆ ಒಂದು ಬಾಲ್ ವಾಲ್ವ್ ಬೇಕು. ಈ ವಾಲ್ವ್ ಬಗ್ಗೆ ತುಂಬ ಯೋಚಿಸಿದೆ. ಅದನ್ನು ಮುಚ್ಚಿ ಮರೆತು ಎಂಜಿನ್ ಚಾಲೂ ಮಾಡಿದರೆ ಪಂಪು ನಿಮಿಷಗಳಲ್ಲಿ ಸಾಯುತ್ತದೆ. ಕೊನೆಗೆ ಒಂದೂಕಾಲು ಇಂಚಿನ, ಪೂರ್ತಿ ತೆರೆಯುವ ವಾಲ್ವ್ ಹಾಕಿ, ಅದರ ಲಿವರನ್ನು ತೆರೆದ ಸ್ಥಿತಿಯಲ್ಲೇ ತಂತಿ ಕಟ್ಟಿದೆ. ಎಂಜಿನ್ ಹ್ಯಾಂಡಲನ್ನು ಅದರ ಪಕ್ಕದ ಕೊಕ್ಕೆಗೇ ನೇತುಹಾಕುತ್ತೇನೆ. ಹ್ಯಾಂಡಲಿಗೆ ಕೈ ಹಾಕುವಾಗ ವಾಲ್ವ್ ಕಣ್ಣಿಗೆ ಬೀಳಲೇಬೇಕು.

ಹೊಸ ಪಂಪು ಶಿವಮೊಗ್ಗದಿಂದ ಬಂತು. ತರುವಾಗ ಎರಡು ವಿಷಯ ನೋಡಿಕೊಂಡೆ. ಶಾಫ್ಟ್ ಯಾವ ಕಡೆ ತಿರುಗಬೇಕು, ಯಾವ ಬಾಯಿ ದೊಡ್ಡದು. ದೊಡ್ಡದು ಸಕ್ಷನ್. ತಿರುಗುವ ದಿಕ್ಕು ತಪ್ಪಿದರೆ ಶಾಫ್ಟ್ ಸೀಲ್ ಹಾರಿಹೋಗುತ್ತದೆ. ಕಪ್ಲಿಂಗಿನ ಎರಡು ತುಂಡಿನ ನಡುವೆ 2 ಮಿಲಿಮೀಟರ್ ಸಂದು ಬಿಟ್ಟೆ, ಸ್ಟೀಲ್ ಸ್ಕೇಲನ್ನು ನಾಲ್ಕೂ ಕಡೆ ಇಟ್ಟು ಬೆಳಕು ಕಾಣದ ಹಾಗೆ ಪಂಪಿನ ಕೆಳಗೆ ಶಿಮ್ (ತೆಳು ತಗಡು) ಕೊಟ್ಟೆ. ಸುತ್ತಿಗೆಯಿಂದ ಹೊಡೆದು ಕೂರಿಸಬಾರದು. ಆ ಪೆಟ್ಟು ನೇರ ಪ್ಲೇಟಿಗೆ ಹೋಗುತ್ತದೆ. ಒಂದು ಸಿಲಿಂಡರಿನ ಎಂಜಿನ್ ಜರ್ಕ್ ಜಾಸ್ತಿ, ಹಾಗಾಗಿ ನಡುವಿನ ರಬ್ಬರ್ ಸ್ಪೈಡರ್ ಕೂಡ ಹೊಸದು ಹಾಕಿದೆ. 46 ನಂಬರಿನ ಆಯಿಲ್ 40 ಲೀಟರ್. ಸಕ್ಷನ್ನಿಗೂ ರಿಟರ್ನಿಗೂ ಹೊಸ ಹೋಸು, ಜೊತೆಗೆ ಇಲ್ಲಿಯ ತನಕ ಇಲ್ಲದೇ ಇದ್ದ ಒಂದು ಫಿಲ್ಟರ್. ಮುಚ್ಚಳಕ್ಕೆ ಗ್ಯಾಸ್ಕೆಟ್, ಗಾಳಿಯಾಡಲು ಬ್ರೀದರ್.

ಸ್ಟಾರ್ಟ್ ಮಾಡುವಾಗ ಅವಸರ ಮಾಡಲಿಲ್ಲ. ಪಂಪಿನ ಬಾಯಿಗೆ ಮೊದಲೇ ಆಯಿಲ್ ತುಂಬಿದ್ದೆ. ಡಿಕಂಪ್ರೆಶನ್ ಲಿವರ್ ಎತ್ತಿಟ್ಟು ಎಂಜಿನನ್ನು ಕೈಯಲ್ಲೇ ಮೂವತ್ತು ನಲವತ್ತು ಸುತ್ತು ತಿರುಗಿಸಿದೆ, ರಿಟರ್ನಿನಲ್ಲಿ ಆಯಿಲ್ ಬರುವುದು ಕಾಣುವ ತನಕ. ಹ್ಯಾಂಡಲ್ ಎಂಜಿನಿನ ದೊಡ್ಡ ಉಪಕಾರ ಇದು. ಆಮೇಲೆ ಚಾಲೂ ಮಾಡಿ ಐದು ನಿಮಿಷ ಲೋಡ್ ಇಲ್ಲದೆ ಬಿಟ್ಟೆ. ಸಿಲಿಂಡರನ್ನು ಹತ್ತು ಸಲ ಖಾಲಿ ಆಡಿಸಿ ಗಾಳಿ ಹೊರಗೆ ಹಾಕಿದೆ, ಆಯಿಲ್ ಮಟ್ಟ ಇಳಿದಿತ್ತು, ಸೇರಿಸಿದೆ. ಕೊನೆಗೆ ರಿಲೀಫ್ ಸ್ಕ್ರೂವನ್ನು ಪೂರ್ತಿ ಸಡಿಲಿಸಿ, ಗೇಜ್ ನೋಡುತ್ತ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ 150ಕ್ಕೆ ತಂದು ಲಾಕ್ ನಟ್ ಹಾಕಿದೆ.

ಮುಂದೆ ಹೋಗಲು 12 ಸೆಕೆಂಡು. ಹಿಂದೆ ಬರಲು 8. ಪೂರ್ತಿ ವೇಗದಲ್ಲಿ ನಿರ್ವಾತ 3 ಇಂಚು. ಮೊದಲ ದಿನ ಒಡೆಯದೆ ಉಳಿದಿದ್ದ ಅದೇ ಅಕೇಶಿಯಾ ಕುಂಟೆಯನ್ನು ಇಟ್ಟು ಲಿವರ್ ಒತ್ತಿದೆ. ಮುಳ್ಳು 110 ತನಕ ಏರಿತು, ಕುಂಟೆ ಬಿರಿಯಿತು, ಮುಳ್ಳು ಇಳಿಯಿತು. ಆ ರಾತ್ರಿ ಹಂಡೆ ತಡವಾಗಿ ಕುದಿಯಿತು, ಆದರೆ ಕುದಿಯಿತು.

ಐದು ಗಂಟೆ ಓಡಿದ ಮೇಲೆ ಫಿಲ್ಟರ್ ಬದಲಿಸಿದೆ. ಹಳೆಯದನ್ನು ಕತ್ತರಿಸಿ ನೋಡಿದಾಗ ಇನ್ನೂ ಹೊಳೆಯುವ ಪುಡಿ ಇತ್ತು, ಎಷ್ಟೇ ತೊಳೆದರೂ ಉಳಿದದ್ದು. ಎರಡನೆಯ ಫಿಲ್ಟರಿನಲ್ಲಿ ಏನೂ ಕಾಣಲಿಲ್ಲ. ಈಗ ಫೆಬ್ರವರಿ. ಸುಮಾರು 60 ಗಂಟೆ ಆಗಿದೆ, ಬಿಸಿ ಆಯಿಲಿನಲ್ಲೂ 12.5 ಸೆಕೆಂಡು. ಮೊನ್ನೆ ಮತ್ತೆ ಕಾವಲಿ ಮೇಲೆ ಒಂದು ಹನಿ ಬಿಟ್ಟೆ, ಸಿಡಿಯಲಿಲ್ಲ. ಒಂದು ಕೆಲಸ ಬಾಕಿ ಇದೆ. ಸಿಲಿಂಡರಿನ ರಾಡ್ ಮೇಲೆ ಉದ್ದಕ್ಕೆ ಒಂದು ಗೀರು ಬಿದ್ದಿದೆ, ಅಲ್ಲಿಂದ ದಿನಕ್ಕೆ ನಾಲ್ಕೈದು ಹನಿ ಜಿನುಗುತ್ತದೆ. ಹೊರಗೆ ಆಯಿಲ್ ಬರುವ ದಾರಿಯಲ್ಲೇ ಒಳಗೆ ನೀರೂ ಹುಡಿಯೂ ಹೋಗುತ್ತದೆ. ಮಳೆ ಹಿಡಿಯುವ ಮೊದಲು ರಾಡ್ ಬಿಚ್ಚಿ ಲೇತಿಗೆ ಒಯ್ಯಬೇಕು.